ಫೋಟೋ ಸ್ಪರ್ಧೆಗೆ ಕಳಿಸೋ ಮುಂಚೆ ಇದನ್ನೊಮ್ಮೆ ಓದಿ: ಪಿಕ್ಸೆಲ್, ಎಂಬಿ, ಕ್ರಾಪ್, ಒರಿಜಿನಲ್ – ಪೂರ್ತಿ ಮಾಹಿತಿ ಇಲ್ಲಿದೆ

ಹಾಸನ: ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ. ಸೆಪ್ಟೆಂಬರ್ 27 ವಿಶ್ವ ಪ್ರವಾಸೋದ್ಯಮ ದಿನ. ಅಕ್ಟೋಬರ್ 2ರಿಂದ 8ರವರೆಗೆ ವನ್ಯಜೀವಿ ಸಪ್ತಾಹ. ಅದೇ ಹೊತ್ತಿಗೆ ದಸರಾ. ಫೋಟೋ ಸ್ಪರ್ಧೆಯ ಪೋಸ್ಟರ್‌ಗಳು ವಾಟ್ಸಾಪ್ ಗ್ರೂಪ್‌ಗಳಲ್ಲಿ ಜಾಸ್ತಿ ಓಡಾಡೋದು ಈ ದಿನಗಳ ಆಸುಪಾಸಿನಲ್ಲೇ.

ನಮ್ಮ ಜಿಲ್ಲೆಯಲ್ಲಿ ಫೋಟೋ ತೆಗೆಯೋಕೆ ವಿಷಯಕ್ಕೇನೂ ಬರ ಇಲ್ಲ. ಹೇಮಾವತಿ ಹಿನ್ನೀರಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿ ಚರ್ಚ್ ಇದೆ, ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆ ಇದೆ, 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡು ಇವೆ. ಸಕಲೇಶಪುರದ ಕಡೆ ಕಾಫಿ ಹೂ ಬಿಟ್ಟಾಗ ಮೊಬೈಲ್ ಹಿಡಿದವರೆಲ್ಲ ಫೋಟೋಗ್ರಾಫರ್‌ಗಳೇ.

ತೊಂದರೆ ಶುರುವಾಗೋದು ಫೋಟೋ ತೆಗೆದಾದ ಮೇಲೆ. ಎಷ್ಟೋ ಒಳ್ಳೇ ಚಿತ್ರಗಳು ತೀರ್ಪುಗಾರರ ಕಣ್ಣಿಗೆ ಬೀಳೋದೇ ಇಲ್ಲ. ಅಳತೆ ತಪ್ಪು, ಎಂಬಿ ಜಾಸ್ತಿ, ಮೂಲೆಯಲ್ಲಿ ಸ್ಟುಡಿಯೋ ಹೆಸರು, ಫೈಲ್ ತೆರೆಯಲಿಲ್ಲ – ಇಂಥ ಕಾರಣಕ್ಕೆ ಮೊದಲ ಪರಿಶೀಲನೆಯಲ್ಲೇ ಪಕ್ಕಕ್ಕೆ ಹೋಗುತ್ತವೆ. ಪ್ರವೇಶ ಶುಲ್ಕ ಕಟ್ಟಿದ್ರೆ ಅದೂ ಹೋಯ್ತು.

ಇದಕ್ಕೆ ದೊಡ್ಡ ಕ್ಯಾಮೆರಾ ಬೇಡ, ದುಬಾರಿ ಸಾಫ್ಟ್‌ವೇರ್ ಬೇಡ. ಒಂದೇ ಒಂದು ನಿಯಮ ಇಟ್ಕೊಂಡ್ರೆ ಮುಕ್ಕಾಲು ಸಮಸ್ಯೆ ಮುಗಿಯುತ್ತೆ: ಒರಿಜಿನಲ್ ಫೈಲ್ ಮುಟ್ಟಬೇಡಿ, ಅದರ ಕಾಪಿ ಮಾಡಿ, ಆ ಕಾಪಿಗೆ ಮಾತ್ರ ಅಳತೆ ಮಾಡಿ. ಉಳಿದಿದ್ದನ್ನೆಲ್ಲ ಒಂದೊಂದಾಗಿ ನೋಡೋಣ.

ಮೊದಲು ನಿಯಮ ಓದಿ

ಪೋಸ್ಟರ್‌ನಲ್ಲಿ ಬಹುಮಾನದ ಮೊತ್ತ ದಪ್ಪಕ್ಷರದಲ್ಲಿ ಇರುತ್ತೆ, ನಿಯಮಗಳು ಸಣ್ಣಕ್ಷರದಲ್ಲಿ ಇರುತ್ತವೆ. ಓದಬೇಕಾಗಿರೋದು ಸಣ್ಣಕ್ಷರವನ್ನೇ. ಅದರಲ್ಲಿ ಈ ಏಳು ವಿಷಯ ಹುಡುಕಿ, ಒಂದು ಚೀಟಿಯಲ್ಲಿ ಬರ್ಕೊಳ್ಳಿ:

1. ಪಿಕ್ಸೆಲ್ ಅಳತೆ ಎಷ್ಟು? ಅಗಲ, ಎತ್ತರ ಎರಡೂ ಹೇಳಿದ್ದಾರಾ, ಅಥವಾ ಉದ್ದನೆ ಬದಿ ಮಾತ್ರವಾ?
2. ಫೈಲ್ ಎಷ್ಟು ಎಂಬಿ ಮೀರಬಾರದು? ಕನಿಷ್ಠ ಮಿತಿಯೂ ಇದೆಯಾ?
3. ಯಾವ ಫಾರ್ಮ್ಯಾಟ್? ಸಾಮಾನ್ಯವಾಗಿ ಜೆಪಿಇಜಿ.
4. ಬಣ್ಣದ ಪ್ರೊಫೈಲ್ ಹೇಳಿದ್ದಾರಾ? ಸಾಮಾನ್ಯವಾಗಿ ಎಸ್‌ಆರ್‌ಜಿಬಿ.
5. ಫೈಲ್‌ಗೆ ಯಾವ ಥರ ಹೆಸರಿಡಬೇಕು?
6. ಯಾವ ವಿಭಾಗ, ಅದರಲ್ಲಿ ಎಷ್ಟು ಎಡಿಟಿಂಗ್‌ಗೆ ಅವಕಾಶ ಇದೆ?
7. ಕೊನೆ ದಿನ, ಕೊನೆ ಗಂಟೆ.

ಕೆಲವು ಕಡೆ ಸ್ಪರ್ಧೆಗೆ 'ಸಲೂನ್' ಅಂತ ಹೆಸರಿರುತ್ತೆ. ಗಾಬರಿ ಬೇಡ, ಕಟಿಂಗ್ ಶಾಪ್ ಅಲ್ಲ. ಪ್ಯಾರಿಸ್‌ನಲ್ಲಿ ಹಿಂದೆ ಚಿತ್ರಕಲಾ ಪ್ರದರ್ಶನಕ್ಕೆ ಇದ್ದ ಹೆಸರು ಅದು, ಫೋಟೋಗ್ರಫಿಗೂ ಬಂದಿದೆ. ಬೆಂಗಳೂರಿನಲ್ಲಿ 1971ರಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಸ್ಥೆಗಳು ಇಂಥ ಸಲೂನ್ ನಡೆಸುತ್ತವೆ. ಅಲ್ಲಿ ಅಳತೆಯ ನಿಯಮ ಕಟ್ಟುನಿಟ್ಟು. ಊರಿನ ಸಂಘ ನಡೆಸೋ ಸ್ಪರ್ಧೆಯಲ್ಲಿ ಸ್ವಲ್ಪ ಸಡಿಲ ಇರಬಹುದು, ಆದ್ರೆ ಅದನ್ನ ನಂಬ್ಕೊಂಡು ಕೂರಬೇಡಿ.

ಪಿಕ್ಸೆಲ್, ಎಂಬಿ, ಡಿಪಿಐ – ಮೂರೂ ಬೇರೆ ಬೇರೆ

ಜನ ಹೆಚ್ಚು ಗೊಂದಲ ಮಾಡ್ಕೊಳ್ಳೋದು ಇಲ್ಲೇ.

ಪಿಕ್ಸೆಲ್ ಅಂದ್ರೆ ಚಿತ್ರ ಕಟ್ಟಿರೋ ಚುಕ್ಕಿಗಳು. ಅಗಲಕ್ಕೆ 4000, ಎತ್ತರಕ್ಕೆ 3000 ಚುಕ್ಕಿ ಇದ್ರೆ ಒಟ್ಟು 1.20 ಕೋಟಿ ಪಿಕ್ಸೆಲ್. ಅದನ್ನೇ 12 ಮೆಗಾಪಿಕ್ಸೆಲ್ ಅನ್ನೋದು. ಮೊಬೈಲ್ ಡಬ್ಬದ ಮೇಲೆ 50 ಮೆಗಾಪಿಕ್ಸೆಲ್ ಅಂತ ಬರೆದಿದ್ರೂ ಬಹುಪಾಲು ಫೋನ್‌ಗಳು ಮಾಮೂಲಿ ಮೋಡ್‌ನಲ್ಲಿ 12 ಮೆಗಾಪಿಕ್ಸೆಲ್ ಆಸುಪಾಸಿನ ಫೋಟೋನೇ ಕೊಡ್ತವೆ.

ಎಂಬಿ ಅಂದ್ರೆ ಫೈಲಿನ ತೂಕ. ಒಂದೇ ಅಳತೆಯ ಎರಡು ಫೋಟೋ ಒಂದೇ ತೂಕ ಇರಬೇಕಂತಿಲ್ಲ. ಮಂಜು ಕವಿದ ಖಾಲಿ ಆಕಾಶದ ಚಿತ್ರ ಹಗುರ. ಎಲೆ, ಕೊಂಬೆ, ಹಣ್ಣು ತುಂಬಿರೋ ಕಾಫಿ ತೋಟದ ಚಿತ್ರ ಭಾರ. ವಿವರ ಜಾಸ್ತಿ ಇದ್ದಷ್ಟೂ ಜೆಪಿಇಜಿ ಫೈಲ್ ದೊಡ್ಡದಾಗುತ್ತೆ.

ಡಿಪಿಐ ಅಂದ್ರೆ ಪ್ರಿಂಟ್ ಹಾಕುವಾಗ ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಕೂರಿಸ್ತೀರಿ ಅನ್ನೋ ಲೆಕ್ಕ. ಪರದೆ ಮೇಲೆ ನೋಡೋ ಸ್ಪರ್ಧೆಗೆ ಇದರಿಂದ ಏನೂ ವ್ಯತ್ಯಾಸ ಆಗಲ್ಲ. 1920 ಪಿಕ್ಸೆಲ್ ಅಗಲದ ಫೋಟೋಗೆ 72 ಡಿಪಿಐ ಅಂತ ಬರೆದ್ರೂ ಅಷ್ಟೇ, 300 ಅಂತ ಬರೆದ್ರೂ ಅಷ್ಟೇ, ಪರದೆ ಮೇಲೆ ಒಂದೇ ಥರ ಕಾಣುತ್ತೆ. ನಿಯಮದಲ್ಲಿ 300 ಡಿಪಿಐ ಅಂತ ಕೇಳಿದ್ರೆ ಆ ಸಂಖ್ಯೆ ಹಾಕಿ ಸುಮ್ಮನಾಗಿ. ಹಾಕುವಾಗ ಪಿಕ್ಸೆಲ್ ಸಂಖ್ಯೆ ಬದಲಾಗದ ಹಾಗೆ ನೋಡ್ಕೊಳ್ಳಿ, ಸಾಕು.

ಪ್ರಿಂಟ್ ಕೇಳೋ ಸ್ಪರ್ಧೆಯಾದ್ರೆ ಮಾತ್ರ ಲೆಕ್ಕ ಹಾಕಬೇಕು. ಇಂಚನ್ನ 300ರಿಂದ ಗುಣಿಸಿ:

- 4 × 6 ಇಂಚು: 1200 × 1800 ಪಿಕ್ಸೆಲ್
- 8 × 12 ಇಂಚು: 2400 × 3600 ಪಿಕ್ಸೆಲ್
- 12 × 18 ಇಂಚು: 3600 × 5400 ಪಿಕ್ಸೆಲ್

12 ಮೆಗಾಪಿಕ್ಸೆಲ್ ಮೊಬೈಲ್ ಫೋಟೋ 300 ಡಿಪಿಐಗೆ ಸುಮಾರು 13 × 10 ಇಂಚಿನವರೆಗೆ ಬರುತ್ತೆ. ಅಲ್ಲಿಗೆ ಮೊಬೈಲ್ ಅಂತ ಕೀಳಾಗಿ ನೋಡೋ ಅಗತ್ಯ ಇಲ್ಲ.

ವಾಟ್ಸಾಪ್‌ನಲ್ಲಿ ಬಂದ ಫೋಟೋ ಒರಿಜಿನಲ್ ಅಲ್ಲ

ಇದನ್ನ ಎಷ್ಟು ಸಲ ಹೇಳಿದ್ರೂ ಕಮ್ಮಿನೇ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದ್ರೆ ಅದು ಅಳತೆ ಇಳಿಸುತ್ತೆ, ಸಾಮಾನ್ಯವಾಗಿ ಉದ್ದನೆ ಬದಿ 1600 ಪಿಕ್ಸೆಲ್ ಆಸುಪಾಸಿಗೆ. ಅದರ ಜೊತೆ ಗುಣಮಟ್ಟವನ್ನೂ ಹಿಂಡುತ್ತೆ. ಫೋಟೋ ಯಾವ ದಿನ, ಯಾವ ಕ್ಯಾಮೆರಾದಲ್ಲಿ ತೆಗೆದಿದ್ದು ಅನ್ನೋ ಮಾಹಿತಿಯೂ ಅಳಿಸಿ ಹೋಗುತ್ತೆ. ಎಚ್‌ಡಿ ಆಯ್ಕೆ ಒತ್ತಿದ್ರೆ ಅಳತೆ ಸ್ವಲ್ಪ ದೊಡ್ಡದಾಗಿ ಹೋಗುತ್ತೆ, ಹಿಂಡೋದಂತೂ ತಪ್ಪಲ್ಲ.

ಮೊಬೈಲ್ ಪರದೆ ಮೇಲೆ ನೋಡಿದ್ರೆ ಎರಡೂ ಒಂದೇ ಥರ ಕಾಣುತ್ತೆ. ಪ್ರೊಜೆಕ್ಟರ್ ಅಥವಾ ದೊಡ್ಡ ಮಾನಿಟರ್ ಮೇಲೆ ಹಾಕಿದಾಗ ಗೊತ್ತಾಗುತ್ತೆ. ಆಕಾಶದಲ್ಲಿ ಪಟ್ಟೆ ಪಟ್ಟೆ, ಚರ್ಚ್ ಗೋಡೆಯ ಅಂಚಿನಲ್ಲಿ ಕೊಳೆ ಥರ ಚುಕ್ಕಿ. ತೀರ್ಪುಗಾರರು ನೋಡೋದು ಆ ದೊಡ್ಡ ಪರದೆ ಮೇಲೆ.

ಹಾಗಾದ್ರೆ ಒರಿಜಿನಲ್ ಹೇಗೆ ಸಾಗಿಸಬೇಕು?

- ಯುಎಸ್‌ಬಿ ಕೇಬಲ್‌ನಲ್ಲಿ ಫೋನಿಂದ ಕಂಪ್ಯೂಟರ್‌ಗೆ ಕಾಪಿ. ಎಲ್ಲಕ್ಕಿಂತ ಒಳ್ಳೇದು.
- ಕ್ಯಾಮೆರಾ ಆದ್ರೆ ಮೆಮೊರಿ ಕಾರ್ಡ್, ಕಾರ್ಡ್ ರೀಡರ್.
- ಗೂಗಲ್ ಡ್ರೈವ್‌ಗೆ ಅಪ್‌ಲೋಡ್ ಮಾಡಿ ಲಿಂಕ್ ಕಳಿಸೋದು.
- ವಾಟ್ಸಾಪ್‌ನಲ್ಲೇ ಕಳಿಸಬೇಕಂದ್ರೆ ಗ್ಯಾಲರಿ ಬದಲು 'ಡಾಕ್ಯುಮೆಂಟ್' ಒತ್ತಿ ಫೈಲ್ ಆರಿಸಿ. ಹಾಗೆ ಕಳಿಸಿದ್ರೆ ಇದ್ದ ಹಾಗೇ ಹೋಗುತ್ತೆ.

ಗೂಗಲ್ ಫೋಟೋಸ್ ಬಳಸೋರು ಬ್ಯಾಕಪ್ ಸೆಟ್ಟಿಂಗ್ ನೋಡಿ. 'ಒರಿಜಿನಲ್ ಕ್ವಾಲಿಟಿ' ಬದಲು 'ಸ್ಟೋರೇಜ್ ಸೇವರ್' ಇದ್ರೆ ಅಲ್ಲಿರೋದು ಹಿಂಡಿದ ಕಾಪಿ. ಅದನ್ನ ನಂಬಿ ಫೋನಲ್ಲಿರೋ ಅಸಲಿ ಡಿಲೀಟ್ ಮಾಡಿದ್ರೆ ಆಮೇಲೆ ವಾಪಸ್ ಸಿಗಲ್ಲ. ಸ್ಕ್ರೀನ್‌ಶಾಟ್ ತೆಗೆದು ಕಳಿಸೋದಂತೂ ಬೇಡವೇ ಬೇಡ.

ಜೆರಾಕ್ಸ್ ಅಂಗಡಿ, ಸೈಬರ್‌ನವರಿಗೆ ಒಂದು ಮಾತು

ನಮ್ಮ ತಾಲೂಕುಗಳಲ್ಲಿ ಸ್ಪರ್ಧೆ ಅರ್ಜಿ ಅಪ್‌ಲೋಡ್ ಆಗೋದು ಹೆಚ್ಚಾಗಿ ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್‌ನಲ್ಲಿ. ಅಲ್ಲಿ ದಿನಾ ನಡೆಯೋ ಕೆಲಸ ಏನು? ನೇಮಕಾತಿ ಅರ್ಜಿಗೆ ಪಾಸ್‌ಪೋರ್ಟ್ ಫೋಟೋ ಹಾಕೋದು. ಎಷ್ಟೋ ಅರ್ಜಿಗಳಲ್ಲಿ ಫೋಟೋ 20ರಿಂದ 50 ಕೆಬಿ ಒಳಗಿರಬೇಕು ಅಂತಿರುತ್ತೆ. ಹಾಗಾಗಿ ಅಂಗಡಿಯವರ ಕೈ ಅದಕ್ಕೇ ಒಗ್ಗಿದೆ. ಫೋಟೋ ಕಂಡ ಕೂಡಲೇ ಆನ್‌ಲೈನ್ ಕಂಪ್ರೆಸರ್‌ಗೆ ಹಾಕಿ ಚಿಕ್ಕದು ಮಾಡಿಬಿಡ್ತಾರೆ.

ಪಾಸ್‌ಪೋರ್ಟ್ ಫೋಟೋಗೆ ಅದು ಸರಿ. ಸ್ಪರ್ಧೆಯ ಫೋಟೋಗೆ ಅದೇ ಕೆಲಸ ಮಾಡಿದ್ರೆ ಚಿತ್ರ ಸತ್ತ ಹಾಗೆ. 2 ಎಂಬಿವರೆಗೆ ಜಾಗ ಕೊಟ್ಟಿರುವಾಗ 50 ಕೆಬಿಗೆ ಇಳಿಸಿದ್ರೆ ನಲವತ್ತರಲ್ಲಿ ಒಂದು ಪಾಲು ಮಾತ್ರ ಬಳಸಿದ ಹಾಗಾಯ್ತು.

ಅಂಗಡಿಯವರು ಗಿರಾಕಿಗೆ ಒಂದು ಪ್ರಶ್ನೆ ಕೇಳಿದ್ರೆ ಸಾಕು: "ಇದು ಅರ್ಜಿಗಾ, ಸ್ಪರ್ಧೆಗಾ?" ಸ್ಪರ್ಧೆಗೆ ಅಂದ್ರೆ ನಿಯಮದ ಚೀಟಿ ಕೇಳಿ, ಫೋಟೋನ ಪೆನ್‌ಡ್ರೈವ್‌ನಲ್ಲಿ ಅಥವಾ ಡಾಕ್ಯುಮೆಂಟ್ ಆಗಿ ತರಿಸ್ಕೊಳ್ಳಿ.

ಕೆಲಸದ ಕ್ರಮ

ಕಂಪ್ಯೂಟರ್‌ನಲ್ಲಿ ಎರಡು ಫೋಲ್ಡರ್ ಮಾಡಿ. ಒಂದು 'ಒರಿಜಿನಲ್', ಇನ್ನೊಂದು 'ಸ್ಪರ್ಧೆ'. ಮೊದಲನೇ ಫೋಲ್ಡರ್‌ನಲ್ಲಿರೋ ಫೈಲ್ ಮೇಲೆ ಯಾವತ್ತೂ 'ಸೇವ್' ಒತ್ತಬೇಡಿ. ಕಾಪಿ ಎರಡನೇದಕ್ಕೆ ಬರಲಿ. ಆಮೇಲೆ ಈ ಕ್ರಮದಲ್ಲಿ ಹೋಗಿ:

1. ನೇರ ಮಾಡಿ. ಹಿನ್ನೀರಿನ ಗೆರೆ ಓರೆಯಾಗಿದ್ರೆ ಮೊದಲ ನೋಟಕ್ಕೇ ಕಣ್ಣಿಗೆ ಹೊಡೆಯುತ್ತೆ.
2. ಕ್ರಾಪ್ ಮಾಡಿ. ಬೇಡದ ಕರೆಂಟ್ ವೈರ್, ಅಂಚಿನಲ್ಲಿ ನುಗ್ಗಿದ ಯಾರದ್ದೋ ಮೊಣಕೈ ಹೊರಗೆ ಹೋಗಲಿ.
3. ಬೆಳಕು, ಬಣ್ಣ ಸರಿ ಮಾಡಿ. ಅತಿ ಬೇಡ. ಗದ್ದೆಯ ಹಸಿರು ಗದ್ದೆಯ ಥರಾನೇ ಇರಲಿ.
4. ರೀಸೈಜ್ ಮಾಡಿ. ಒಂದೇ ಸಲ.
5. ಸ್ವಲ್ಪ ಶಾರ್ಪ್ ಮಾಡಿ. ಅಳತೆ ಇಳಿಸಿದಾಗ ಚಿತ್ರ ಒಂಚೂರು ಮೆತ್ತಗಾಗುತ್ತೆ, ಅದಕ್ಕೆ ಕೊನೆಯಲ್ಲಿ ಶಾರ್ಪ್. ಜಾಸ್ತಿ ಮಾಡಿದ್ರೆ ಅಂಚಿನ ಸುತ್ತ ಬಿಳಿ ಗೆರೆ ಬರುತ್ತೆ.
6. ಜೆಪಿಇಜಿ ಆಗಿ ಎಕ್ಸ್‌ಪೋರ್ಟ್ ಮಾಡಿ.

'ಒಂದೇ ಸಲ' ಅಂತ ಯಾಕೆ ಹೇಳಿದ್ದು ಅಂದ್ರೆ, ಜೆಪಿಇಜಿ ಫೈಲನ್ನ ಎಡಿಟ್ ಮಾಡಿ ಸೇವ್ ಮಾಡಿದಾಗೆಲ್ಲ ಸ್ವಲ್ಪ ವಿವರ ಕಳ್ಕೊಳ್ಳುತ್ತೆ. ಬರೀ ತೆರೆದು ನೋಡಿದ್ರೆ ಏನೂ ಆಗಲ್ಲ. ಇವತ್ತು ಕ್ರಾಪ್, ನಾಳೆ ಬಣ್ಣ, ನಾಡಿದ್ದು ರೀಸೈಜ್ ಅಂತ ಒಂದೇ ಫೈಲನ್ನ ನಾಲ್ಕು ಸಲ ಸೇವ್ ಮಾಡಿದ್ರೆ ಜೆರಾಕ್ಸ್‌ನ ಜೆರಾಕ್ಸ್ ತೆಗೆದ ಹಾಗಾಗುತ್ತೆ. ಅಳತೆ ತಪ್ಪಿತು ಅಂದ್ರೆ ಕಾಪಿನ ತಿದ್ದೋಕೆ ಹೋಗದೆ ಒರಿಜಿನಲ್‌ನಿಂದ ಮತ್ತೆ ಶುರು ಮಾಡಿ.

1920 × 1080 ಅಂದ್ರೆ ಏನು?

ತುಂಬಾ ಸ್ಪರ್ಧೆಗಳಲ್ಲಿ ಕಾಣೋ ಅಳತೆ ಇದು. ಫುಲ್ ಎಚ್‌ಡಿ ಟಿವಿ, ಪ್ರೊಜೆಕ್ಟರ್‌ಗಳ ಅಳತೆಯೂ ಇದೇ. ಆದ್ರೆ 'ಅಗಲ 1920, ಎತ್ತರ 1080 ಮೀರಬಾರದು' ಅಂದ್ರೆ ನಿಮ್ಮ ಫೋಟೋ ಕರೆಕ್ಟಾಗಿ 1920 × 1080 ಇರಲೇಬೇಕು ಅಂತಲ್ಲ. ಅಷ್ಟು ದೊಡ್ಡ ಚೌಕಟ್ಟಿನ ಒಳಗೆ ಅದು ಕೂರಬೇಕು ಅಂತ. ಯಾವ ಬದಿ ಮೊದಲು ಮಿತಿ ಮುಟ್ಟುತ್ತೋ ಅಲ್ಲಿಗೆ ನಿಲ್ಲಿಸಬೇಕು.

ಕ್ರಾಪ್ ಮಾಡದ ಫೋಟೋಗೆ ಲೆಕ್ಕ ಹೀಗೆ ಬರುತ್ತೆ:

- ಮೊಬೈಲ್‌ನ ಅಡ್ಡ ಫೋಟೋ, 4000 × 3000: 1440 × 1080
- ಕ್ಯಾಮೆರಾದ ಅಡ್ಡ ಫೋಟೋ, 6000 × 4000: 1620 × 1080
- ಕ್ಯಾಮೆರಾದ ಉದ್ದ ಫೋಟೋ, 4000 × 6000: 720 × 1080
- ಚೌಕ ಫೋಟೋ: 1080 × 1080
- 16:9ಕ್ಕೆ ಕ್ರಾಪ್ ಮಾಡಿದ ಅಡ್ಡ ಫೋಟೋ: 1920 × 1080

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ.

ಮೊದಲನೇದು, ನಿಂತ ಫೋಟೋ. ಗೊಮ್ಮಟೇಶ್ವರನ ಉದ್ದ ಫೋಟೋ ತಗೊಂಡು 'ಉದ್ದನೆ ಬದಿ 1920' ಅಂತ ಹಾಕಿದ್ರೆ ಅದು 1280 × 1920 ಆಗುತ್ತೆ. ಎತ್ತರದ ಮಿತಿ 1080 ಇದ್ದ ಕಡೆ ಇದು ರಿಜೆಕ್ಟ್. ನಿಯಮದಲ್ಲಿ 'ಉದ್ದನೆ ಬದಿ 1920' ಅಂತಷ್ಟೇ ಇದ್ರೆ ಇದೇ ಫೈಲ್ ಸರಿ. ಎರಡು ನಿಯಮದ ವ್ಯತ್ಯಾಸ ಗಮನಿಸಿ.

ಎರಡನೇದು, ಎಳೆದು ಹಿಗ್ಗಿಸೋದು. ರೀಸೈಜ್ ಮಾಡೋ ಕಡೆ ಅಗಲ, ಎತ್ತರದ ನಡುವೆ ಬೀಗ ಅಥವಾ ಸರಪಳಿಯ ಚಿಹ್ನೆ ಇರುತ್ತೆ. ಪೇಂಟ್‌ನಲ್ಲಿ 'ಮೇಂಟೇನ್ ಆಸ್ಪೆಕ್ಟ್ ರೇಶಿಯೋ' ಅಂತಿರುತ್ತೆ. ಅದನ್ನ ಬಿಚ್ಚಿ 4000 × 3000 ಫೋಟೋಗೆ 1920, 1080 ಅಂತ ಟೈಪ್ ಮಾಡಿದ್ರೆ ಬೇಲೂರಿನ ಶಿಲಾಬಾಲಿಕೆ ಒಂದೇ ಏಟಿಗೆ ದಪ್ಪ ಆಗಿಬಿಡ್ತಾಳೆ. ಅಳತೆ ಸರಿ ಇರುತ್ತೆ, ಚಿತ್ರ ಕೆಟ್ಟಿರುತ್ತೆ. ಬೀಗ ಹಾಕೇ ಇರಲಿ.

ಚಿಕ್ಕ ಫೋಟೋನ ದೊಡ್ಡದು ಮಾಡೋಕೆ ಹೋಗಬೇಡಿ. ದೂರದ ಹಕ್ಕಿನ ಕ್ರಾಪ್ ಮಾಡಿ ಮಾಡಿ ಕೊನೆಗೆ 900 × 600 ಉಳಿಯಿತು ಅಂದ್ಕೊಳ್ಳಿ. ಅದನ್ನ 1620 × 1080ಕ್ಕೆ ಎಳೆದ್ರೆ ಇಲ್ಲದ ವಿವರವನ್ನ ಕಂಪ್ಯೂಟರ್ ಊಹೆ ಮಾಡಿ ತುಂಬುತ್ತೆ. ಗರಿಯ ಜಾಗದಲ್ಲಿ ಹತ್ತಿ ಕಾಣುತ್ತೆ. 'ಇಷ್ಟು ಮೀರಬಾರದು' ಅಂತ ಮಾತ್ರ ಇದ್ರೆ ಚಿಕ್ಕದಾಗೇ ಕಳಿಸಬಹುದು. ಆದ್ರೆ ಇನ್ನೂ ಹತ್ತಿರದಿಂದ ತೆಗೆದ ಬೇರೆ ಫೋಟೋ ಇದ್ರೆ ಅದನ್ನ ಆರಿಸೋದೇ ವಾಸಿ.

ಎಲ್ಲಿ, ಹೇಗೆ ಮಾಡೋದು?

- ಪೇಂಟ್: ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಮೊದಲೇ ಇರುತ್ತೆ. ರೀಸೈಜ್ ಒತ್ತಿ, 'ಪಿಕ್ಸೆಲ್ಸ್' ಆರಿಸಿ, ಒಂದು ಬದಿ ಟೈಪ್ ಮಾಡಿ. ಜೆಪಿಇಜಿ ಗುಣಮಟ್ಟ ಆರಿಸೋಕೆ ಬಿಡಲ್ಲ ಅನ್ನೋದೇ ಕೊರತೆ.
- ಇರ್ಫಾನ್‌ವ್ಯೂ: ಮನೆ ಬಳಕೆಗೆ ಉಚಿತ, ಹಳೇ ಕಂಪ್ಯೂಟರ್‌ನಲ್ಲೂ ಓಡುತ್ತೆ. ಸೇವ್ ಮಾಡುವಾಗ ಗುಣಮಟ್ಟದ ಪಟ್ಟಿ ಎಳೆಯಬಹುದು.
- ಜಿಂಪ್: ಪೂರ್ತಿ ಉಚಿತ. 'ಇಮೇಜ್' ಮೆನುವಿನಲ್ಲಿ 'ಸ್ಕೇಲ್ ಇಮೇಜ್', ಆಮೇಲೆ 'ಫೈಲ್' ಮೆನುವಿನಲ್ಲಿ 'ಎಕ್ಸ್‌ಪೋರ್ಟ್ ಆ್ಯಸ್'.
- ಲೈಟ್‌ರೂಮ್ ಕ್ಲಾಸಿಕ್: ಎಕ್ಸ್‌ಪೋರ್ಟ್‌ನಲ್ಲಿ 'ರೀಸೈಜ್ ಟು ಫಿಟ್', ಅದರಲ್ಲಿ 'ವಿಡ್ತ್ ಆ್ಯಂಡ್ ಹೈಟ್' ಆರಿಸಿ 1920, 1080 ಹಾಕಿ. ಅಡ್ಡ ಫೋಟೋ, ಚೌಕ ಫೋಟೋ ಎಲ್ಲವನ್ನೂ ಚೌಕಟ್ಟಿಗೆ ಕೂರಿಸುತ್ತೆ. ನಿಂತ ಫೋಟೋ ಹೊರಬಂದ ಮೇಲೆ ಎತ್ತರ ಎಷ್ಟಾಯ್ತು ಅಂತ ಒಮ್ಮೆ ನೋಡಿ.
- ಫೋಟೋಶಾಪ್: 'ಫೈಲ್', 'ಆಟೋಮೇಟ್', 'ಫಿಟ್ ಇಮೇಜ್'. ಎರಡೂ ಮಿತಿ ಹಾಕಿ ಓಕೆ ಒತ್ತಿ.

ಮೊಬೈಲ್‌ನಲ್ಲೇ ಮಾಡೋರಿಗೆ ಪ್ಲೇ ಸ್ಟೋರ್‌ನಲ್ಲಿ ರೀಸೈಜ್ ಆ್ಯಪ್‌ಗಳು ಬೇಕಾದಷ್ಟಿವೆ. ಆರಿಸುವಾಗ ಮೂರು ನೋಡಿ: ಪಿಕ್ಸೆಲ್ ಅಳತೆ ಟೈಪ್ ಮಾಡೋಕೆ ಬಿಡುತ್ತಾ, ಗುಣಮಟ್ಟ ಆರಿಸೋಕೆ ಬಿಡುತ್ತಾ, ಮೂಲೆಯಲ್ಲಿ ತನ್ನ ಹೆಸರು ಒತ್ತಲ್ಲ ತಾನೇ?

ಎಂಬಿ ಇಳಿಸೋದು ಹೇಗೆ?

ಅಳತೆ ಸರಿ ಮಾಡಿದ ಮೇಲೂ ಫೈಲ್ 2 ಎಂಬಿ ಮೀರಿದ್ರೆ ಪಿಕ್ಸೆಲ್ ಇನ್ನೂ ಕಡಿಮೆ ಮಾಡೋಕೆ ಹೋಗಬೇಡಿ. ಗುಣಮಟ್ಟದ ಸಂಖ್ಯೆ ಇಳಿಸಿ. 100ರಲ್ಲಿ ಇದ್ದಿದ್ದನ್ನ 90ಕ್ಕೆ ತಂದ್ರೆ ಫೈಲ್ ಸಾಕಷ್ಟು ಹಗುರ ಆಗುತ್ತೆ, ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ಬೇಕಾದ್ರೆ 85. ಅದಕ್ಕಿಂತ ಕೆಳಗೆ ಹೋಗುವಾಗ ಆಕಾಶ, ನೀರು, ಮುಖದ ಚರ್ಮ ದೊಡ್ಡದು ಮಾಡಿ ನೋಡಿ. ಫೋಟೋಶಾಪ್‌ನ 'ಸೇವ್ ಆ್ಯಸ್'ನಲ್ಲಿ ಇದೇ ಪಟ್ಟಿ 0ಯಿಂದ 12ರವರೆಗೆ ಇರುತ್ತೆ, 10 ಇಟ್ರೆ ಸಾಕು.

ಮಿತಿ 2 ಎಂಬಿ ಅಂದ್ರೆ 1.9ರ ಒಳಗೆ ನಿಲ್ಲಿಸಿ. ಒಂದು ಎಂಬಿಗೆ ಕೆಲವು ಕಡೆ 1000 ಕೆಬಿ, ಕೆಲವು ಕಡೆ 1024 ಕೆಬಿ ಲೆಕ್ಕ ಹಿಡಿಯುತ್ತಾರೆ. ಗಡಿ ಮೇಲೆ ನಿಂತ್ರೆ ಯಾವ ಕಡೆಯಾದ್ರೂ ಬೀಳಬಹುದು.

ಐಫೋನ್ ಫೈಲ್ ತೆರೆಯಲ್ಲ ಅಂದ್ರೆ?

ಐಫೋನ್‌ಗಳು 2017ರಿಂದ ಎಚ್‌ಇಐಸಿ ಅನ್ನೋ ಫಾರ್ಮ್ಯಾಟ್‌ನಲ್ಲಿ ಫೋಟೋ ಇಡುತ್ತವೆ. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲೂ ಈ ಆಯ್ಕೆ ಇದೆ. ಜಾಗ ಉಳಿಯುತ್ತೆ, ಆದ್ರೆ ಸ್ಪರ್ಧೆಯ ಅಪ್‌ಲೋಡ್ ಪುಟ ಇದನ್ನ ತಗೊಳ್ಳದೇ ಇರಬಹುದು. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಫಾರ್ಮ್ಯಾಟ್ಸ್‌ಗೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿದ್ರೆ ಮುಂದೆ ತೆಗೆಯೋದೆಲ್ಲ ಜೆಪಿಇಜಿ ಆಗುತ್ತೆ. ಈಗಾಗಲೇ ತೆಗೆದಿದ್ದನ್ನ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ತೆರೆದು ಜೆಪಿಇಜಿ ಆಗಿ ಎಕ್ಸ್‌ಪೋರ್ಟ್ ಮಾಡಿ. ಫೈಲ್ ಹೆಸರಿನ ಕೊನೆಯ ಅಕ್ಷರ ಬದಲಾಯಿಸಿದ ಮಾತ್ರಕ್ಕೆ ಫಾರ್ಮ್ಯಾಟ್ ಬದಲಾಗಲ್ಲ. ಡಬ್ಬದ ಮೇಲಿನ ಚೀಟಿ ಬದಲಾಯಿಸಿದ್ರೆ ಒಳಗಿನ ಬೇಳೆ ಅಕ್ಕಿ ಆಗುತ್ತಾ?

ಬಣ್ಣದ ಪ್ರೊಫೈಲ್ ವಿಷಯವೂ ಇಲ್ಲೇ ನೋಡ್ಕೊಳ್ಳಿ. ಕ್ಯಾಮೆರಾದಲ್ಲಿ ಅಡೋಬಿ ಆರ್‌ಜಿಬಿ ಇಟ್ಟಿದ್ರೆ ಕೆಲವು ಪರದೆಗಳ ಮೇಲೆ ಬಣ್ಣ ಮಂಕಾಗಿ ಕಾಣುತ್ತೆ. ಎಕ್ಸ್‌ಪೋರ್ಟ್ ಮಾಡುವಾಗ ಎಸ್‌ಆರ್‌ಜಿಬಿ ಆರಿಸಿದ್ರೆ ಈ ತಲೆನೋವು ಇಲ್ಲ.

ಹೆಸರು, ವಾಟರ್‌ಮಾರ್ಕ್, ಬಾರ್ಡರ್

ಯಾರ ಫೋಟೋ ಅಂತ ಗೊತ್ತಾಗದ ಹಾಗೆ ತೀರ್ಪು ಆಗಬೇಕು ಅನ್ನೋದು ಬಹುತೇಕ ಸ್ಪರ್ಧೆಗಳ ಪದ್ಧತಿ. ಅದಕ್ಕೇ ಚಿತ್ರದ ಮೇಲೆ ಹೆಸರು, ಸಹಿ, ಲೋಗೋ ಬೇಡ ಅಂತಾರೆ. ಸ್ಟುಡಿಯೋ ನಡೆಸೋರು ಎಕ್ಸ್‌ಪೋರ್ಟ್‌ನಲ್ಲಿ ವಾಟರ್‌ಮಾರ್ಕ್ ಖಾಯಂ ಆನ್ ಇಟ್ಟಿರ್ತೀರಿ, ಸ್ಪರ್ಧೆಗೆ ಅದನ್ನ ಆಫ್ ಮಾಡಿ. ಮೊಬೈಲ್‌ನವರು ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಫೋನ್ ಕಂಪನಿ ಹೆಸರು, ದಿನಾಂಕ ಒತ್ತೋ ಆಯ್ಕೆ ಈಗಲೇ ಆಫ್ ಮಾಡಿ. ಫೋಟೋ ತೆಗೆದ ಮೇಲೆ ಅದನ್ನ ಅಳಿಸೋದು ಕಷ್ಟ, ಕೆಲವು ವಿಭಾಗಗಳಲ್ಲಿ ಅಳಿಸಿದ್ದೇ ತಪ್ಪಾಗುತ್ತೆ.

ಫೈಲ್ ಹೆಸರಿಗೆ ಅವರು ಹೇಳಿದ ಮಾದರಿನೇ ಬಳಸಿ. ಏನೂ ಹೇಳಿಲ್ಲ ಅಂದ್ರೆ ಇಂಗ್ಲಿಷ್ ಅಕ್ಷರ, ಅಂಕಿ ಮಾತ್ರ ಇರೋ ಚಿಕ್ಕ ಹೆಸರು ಕೊಡಿ. ಕನ್ನಡ ಅಕ್ಷರದ ಹೆಸರು ಕೆಲವು ಅಪ್‌ಲೋಡ್ ಪುಟಗಳಲ್ಲಿ ಚುಕ್ಕಿ ಚುಕ್ಕಿಯಾಗಿ ಬದಲಾಗಿಬಿಡುತ್ತೆ. ಶೀರ್ಷಿಕೆ ಬೇರೆ ಕೇಳಿದ್ರೆ ಅಲ್ಲಿ ಕನ್ನಡದಲ್ಲೇ ಚೆನ್ನಾಗಿ ಬರೆಯಿರಿ.

ಒರಿಜಿನಲ್ ಕೇಳಿದ್ರೆ ಕೊಡೋಕೆ ರೆಡಿ ಇರಬೇಕು

ಒರಿಜಿನಲ್ ಮುಟ್ಟಬೇಡಿ ಅಂತ ಶುರುವಿನಲ್ಲೇ ಹೇಳಿದ್ದಕ್ಕೆ ದೊಡ್ಡ ಕಾರಣ ಇದು. ಬಹುಮಾನದ ಹಂತಕ್ಕೆ ಬಂದಾಗ ಆಯೋಜಕರು ಕ್ಯಾಮೆರಾದಿಂದ ಬಂದ ಮೂಲ ಫೈಲ್ ಕೇಳಬಹುದು. ಕೊಡೋಕೆ ಆಗದಿದ್ರೆ ಬಹುಮಾನ ಕೈ ತಪ್ಪುತ್ತೆ.

2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಸ್ಟೆಪಾನ್ ರುಡಿಕ್ ಅನ್ನೋ ಫೋಟೋಗ್ರಾಫರ್‌ಗೆ ಕ್ರೀಡಾ ವಿಭಾಗದಲ್ಲಿ ಬಹುಮಾನ ಬಂದಿತ್ತು. ಆಮೇಲೆ ಮೂಲ ಫೈಲ್ ತರಿಸಿ ನೋಡಿದಾಗ ಒಂದು ಚಿತ್ರದಲ್ಲಿ ಹಿಂದೆ ಕಾಣ್ತಿದ್ದ ಯಾರದ್ದೋ ಪಾದದ ಚೂರನ್ನ ಅಳಿಸಿದ್ದು ಗೊತ್ತಾಯ್ತು. ಬಹುಮಾನ ವಾಪಸ್ ಹೋಯ್ತು. ಚಿತ್ರವನ್ನ ಅವರು ಕ್ರಾಪ್ ಮಾಡಿದ್ರು, ಕಪ್ಪುಬಿಳುಪು ಮಾಡಿದ್ರು, ಅದಕ್ಕೆ ಬಹುಮಾನ ಹೋಗಿರಲಿಲ್ಲ. ಹೋಗಿದ್ದು ಇದ್ದಿದ್ದನ್ನ ಅಳಿಸಿದ್ದಕ್ಕೆ. ಅದೇ ಸ್ಪರ್ಧೆಯಲ್ಲಿ 2015ರಲ್ಲಿ ಕೊನೆಗಿಂತ ಹಿಂದಿನ ಸುತ್ತಿಗೆ ಬಂದ ಚಿತ್ರಗಳನ್ನ ಮೂಲ ಫೈಲ್ ಜೊತೆ ಹೋಲಿಸಿದಾಗ ಸುಮಾರು ಐದರಲ್ಲಿ ಒಂದು ಹೊರಬಿತ್ತು.

ಹಾಗಾಗಿ ವಿಭಾಗ ನೋಡಿ ಎಡಿಟ್ ಮಾಡಿ:

- ಪ್ರಕೃತಿ, ವನ್ಯಜೀವಿ, ಪತ್ರಿಕಾ ಛಾಯಾಗ್ರಹಣ: ಕ್ರಾಪ್, ಬೆಳಕು, ಸಹಜ ಬಣ್ಣ ಸರಿ ಮಾಡೋದು, ಸೆನ್ಸರ್ ಮೇಲಿನ ಧೂಳಿನ ಚುಕ್ಕಿ ತೆಗೆಯೋದು ಸಾಮಾನ್ಯವಾಗಿ ಸರಿ. ಚಿತ್ರದಲ್ಲಿ ಇದ್ದಿದ್ದನ್ನ ಅಳಿಸೋದು, ಇಲ್ಲದ್ದನ್ನ ಸೇರಿಸೋದು, ಜಾಗ ಬದಲಿಸೋದು ತಪ್ಪು. ಹಕ್ಕಿ ಹಿಂದಿನ ಕಡ್ಡಿನ ಮೊಬೈಲ್ ಇರೇಸರ್‌ನಲ್ಲಿ ತೆಗೆದ್ರೂ ತಪ್ಪೇ.
- ಕಪ್ಪುಬಿಳುಪು: ಪೂರ್ತಿ ಕಪ್ಪುಬಿಳುಪು ಇರಲಿ. ಒಂದು ಹೂ ಮಾತ್ರ ಕೆಂಪು ಬಿಟ್ರೆ ಅದು ಈ ವಿಭಾಗಕ್ಕೆ ಸೇರಲ್ಲ.
- ಮುಕ್ತ ವಿಭಾಗ, ಕ್ರಿಯೇಟಿವ್: ಸ್ವಾತಂತ್ರ್ಯ ಜಾಸ್ತಿ. ಆದ್ರೆ ಬಳಸೋ ಚಿತ್ರಗಳೆಲ್ಲ ನೀವೇ ತೆಗೆದಿದ್ದಾಗಿರಬೇಕು ಅಂತ ಕೇಳ್ತಾರೆ. ಗೂಗಲ್‌ನಿಂದ ತಂದ ಆಕಾಶ ಅಂಟಿಸಬೇಡಿ.

ಎಐ ವಿಷಯದಲ್ಲಿ ಇನ್ನೂ ಹುಷಾರು. 2023ರಲ್ಲಿ ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್‌ನ ಒಂದು ವಿಭಾಗದಲ್ಲಿ ಗೆದ್ದ ಜರ್ಮನಿಯ ಬೋರಿಸ್ ಎಲ್ಡಾಗ್‌ಸೆನ್, ತಮ್ಮ ಚಿತ್ರ ಎಐನಲ್ಲಿ ಮಾಡಿದ್ದು ಅಂತ ತಾವೇ ಹೇಳಿ ಬಹುಮಾನ ಬೇಡ ಅಂದ್ರು. ಈಗ ತುಂಬಾ ಸ್ಪರ್ಧೆಗಳು ಎಐ ಚಿತ್ರ ನಿಷೇಧ ಅಂತ ನಿಯಮದಲ್ಲೇ ಬರೆಯುತ್ತವೆ. ಫೋನ್‌ಗಳಲ್ಲಿ ಆಕಾಶ ಬದಲಿಸೋ, ಜನರನ್ನ ಮಾಯ ಮಾಡೋ ಆಯ್ಕೆಗಳು ಒಂದೇ ಬೆರಳಲ್ಲಿ ಸಿಗುತ್ತವೆ. ಸ್ಪರ್ಧೆಗೆ ಅಂತ ಇಟ್ಟ ಫೋಟೋ ಮೇಲೆ ಅದನ್ನ ಒತ್ತಬೇಡಿ.

ಎಕ್ಸ್‌ಪೋರ್ಟ್ ಮಾಡುವಾಗ 'ಮೆಟಾಡೇಟಾ' ಅಂತ ಒಂದು ಆಯ್ಕೆ ಇರುತ್ತೆ. ಅದನ್ನ ಅಳಿಸದೆ ಉಳಿಸಿ. ತೆಗೆದ ದಿನ, ಕ್ಯಾಮೆರಾ, ಲೆನ್ಸ್ ಮಾಹಿತಿ ಅದರಲ್ಲಿರುತ್ತೆ. ಆದ್ರೆ ಹಕ್ಕಿ ಗೂಡು, ಕಾಡು ಪ್ರಾಣಿ ಇರೋ ಜಾಗದ ಲೊಕೇಶನ್ ಮಾತ್ರ ತೆಗೆದುಹಾಕೋದು ಒಳ್ಳೇದು.

ಹಕ್ಕು ಯಾರದ್ದು?

1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ, ಸಾಮಾನ್ಯವಾಗಿ ಹಕ್ಕೂ ಅವರದ್ದೇ. ಆದ್ರೆ ಸ್ಟುಡಿಯೋದವರು ಒಂದು ಗಮನಿಸಬೇಕು. ದುಡ್ಡು ತಗೊಂಡು, ಗಿರಾಕಿ ಕೇಳಿದ್ದಕ್ಕೆ ತೆಗೆದ ಫೋಟೋ ಆದ್ರೆ, ಬೇರೆ ಒಪ್ಪಂದ ಇಲ್ಲದಿದ್ರೆ, ಮೊದಲ ಹಕ್ಕುದಾರ ಆ ಗಿರಾಕಿ ಅಂತ ಅದೇ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತೆ. ಮದುವೆ ಆಲ್ಬಂನ ಮದುಮಗಳ ಚಿತ್ರ ಎಷ್ಟೇ ಚೆನ್ನಾಗಿ ಬಂದಿದ್ರೂ ಆ ಮನೆಯವರ ಒಪ್ಪಿಗೆ ಬರವಣಿಗೆಯಲ್ಲಿ ತಗೊಂಡೇ ಸ್ಪರ್ಧೆಗೆ ಕಳಿಸಿ.

ಸ್ಪರ್ಧೆಯ ನಿಯಮದಲ್ಲೂ 'ಬಂದ ಎಲ್ಲ ಚಿತ್ರಗಳ ಹಕ್ಕು ಆಯೋಜಕರದ್ದು' ಅನ್ನೋ ಸಾಲು ಇದೆಯಾ ನೋಡಿ. ಗೆದ್ದ ಚಿತ್ರವನ್ನ ಪ್ರದರ್ಶನಕ್ಕೆ, ಪ್ರಚಾರಕ್ಕೆ ಬಳಸ್ತೀವಿ ಅನ್ನೋದು ಮಾಮೂಲಿ. ಸೋತವರ ಚಿತ್ರವೂ ಸೇರಿ ಎಲ್ಲದರ ಹಕ್ಕು ಕೇಳಿದ್ರೆ, ನಿಮ್ಮ ಅತ್ಯುತ್ತಮ ಫೋಟೋ ಅಲ್ಲಿಗೆ ಕಳಿಸಬೇಕಾ ಅಂತ ಎರಡು ಸಲ ಯೋಚನೆ ಮಾಡಿ.

ಕಳಿಸೋ ಮುಂಚೆ ಕೊನೆಯ ಪಟ್ಟಿ

- ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್'ನಲ್ಲಿ, ಅಥವಾ ಮೊಬೈಲ್‌ನ 'ಡೀಟೇಲ್ಸ್'ನಲ್ಲಿ ಪಿಕ್ಸೆಲ್, ಎಂಬಿ ಎರಡೂ ನೋಡಿ.
- ಫಾರ್ಮ್ಯಾಟ್ ಜೆಪಿಇಜಿ ತಾನೇ?
- ಹೆಸರು, ವಾಟರ್‌ಮಾರ್ಕ್, ದಿನಾಂಕ, ಬಾರ್ಡರ್ ಏನೂ ಇಲ್ಲ ತಾನೇ?
- ದೊಡ್ಡ ಪರದೆಯಲ್ಲಿ ಪೂರ್ತಿ ಅಳತೆಗೆ ತೆರೆದು ಮೂಲೆ ಮೂಲೆ ನೋಡಿ.
- ಬೇರೊಬ್ಬರ ಮೊಬೈಲ್ ಅಥವಾ ಕಂಪ್ಯೂಟರ್‌ನಲ್ಲಿ ತೆರೆಯುತ್ತಾ ನೋಡಿ.
- ಕೊನೆ ದಿನ ರಾತ್ರಿ 11.50ಕ್ಕೆ ಕೂರಬೇಡಿ. ಆ ಹೊತ್ತಿಗೇ ಕರೆಂಟ್ ಹೋಗೋದು. ಎರಡು ದಿನ ಮುಂಚೆ ಕಳಿಸಿ.
- ಕಳಿಸಿದ ಮೇಲೆ ಬರೋ ಸ್ವೀಕೃತಿ ಸಂದೇಶ, ಹಣ ಕಟ್ಟಿದ ರಸೀದಿ ಇಟ್ಕೊಳ್ಳಿ.

ಕಳಿಸಿದ ಮೇಲೂ 'ಒರಿಜಿನಲ್' ಫೋಲ್ಡರ್ ಡಿಲೀಟ್ ಮಾಡ್ಬೇಡಿ. ಆಯ್ಕೆಯಾದ ಚಿತ್ರವನ್ನ ಪ್ರದರ್ಶನಕ್ಕೆ ದೊಡ್ಡದಾಗಿ ಪ್ರಿಂಟ್ ಹಾಕಿಸೋಕೆ ದೊಡ್ಡ ಫೈಲ್ ಬೇಕು ಅಂತ ಫೋನ್ ಬರಬಹುದು. 1440 × 1080ರ ಕಾಪಿಯಿಂದ 300 ಡಿಪಿಐಗೆ ಐದು ಇಂಚು ಅಗಲದ ಪ್ರಿಂಟ್ ಕೂಡ ಪೂರ್ತಿ ಬರಲ್ಲ. ಪೆನ್‌ಡ್ರೈವ್‌ನಲ್ಲಿ ಒಂದು, ಮನೆ ಕಂಪ್ಯೂಟರ್‌ನಲ್ಲಿ ಅಥವಾ ಡ್ರೈವ್‌ನಲ್ಲಿ ಇನ್ನೊಂದು ಕಾಪಿ ಇರಲಿ.